ತೀರ್ಪಿನೊಳಗಿನ ಒಂದು ಸಾಲು

"ಎಳೆಯಬೇಡಿ, ಅವರಿಗೆ ನೋಯ್ತದೆ," ಎಂದು ಕುಸುಮಾವತಿ ಬಾಗಿಲಿನಿಂದಲೇ ಹೇಳಿದಳು.

ನಿತ್ಯಾನಂದ ಕೈ ಹಿಂದೆಗೆದ. ಅಣ್ಣನ ಎರಡು ಕಾಲಿನ ಹೆಬ್ಬೆರಳುಗಳನ್ನೂ ಸೇರಿಸಿ ದಾರ ಕಟ್ಟಬೇಕಿತ್ತು. ಬಲಗಾಲು ಎಡಗಾಲಿಗಿಂತ ಮೂರು ಅಂಗುಲ ಗಿಡ್ಡ. ಎಷ್ಟು ಎಳೆದರೂ ಬೆರಳಿಗೆ ಬೆರಳು ಸಿಗುತ್ತಿರಲಿಲ್ಲ. ಸತ್ತವರಿಗೆ ನೋವೆಂಥದ್ದು ಎಂದು ಯಾರೂ ಕೇಳಲಿಲ್ಲ. ಕೊನೆಗೆ ದಾರವನ್ನೇ ಉದ್ದ ಬಿಟ್ಟು ಕಟ್ಟಿದರು.

ಸುಬ್ರಾಯರು ಕಾಸರಗೋಡಿನವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಮೊದಲು ತಿರುವನಂತಪುರ, ಮೂರು ವರ್ಷದಿಂದ ಕೊಚ್ಚಿ. ನಿನ್ನೆ ಸಂಜೆ ಕಚೇರಿಯಿಂದ ಬಂದು ಊರುಗೋಲನ್ನು ಗೋಡೆಗೆ ಒರಗಿಸಿ, ಒಂದು ಲೋಟ ನೀರು ಕೇಳಿ, ನೀರು ಬರುವ ಮೊದಲೇ ಹೋಗಿಬಿಟ್ಟರು. ಐವತ್ತೆರಡು ವರ್ಷ, ಅದೇನು ಹೋಗುವ ವಯಸ್ಸೇ? ಪಾಲಾರಿವಟ್ಟಂನ ಬಾಡಿಗೆ ಮನೆಯ ತುಂಬ ಈಗ ಕಚೇರಿಯವರು, ನೆರೆಯವರು. ಅವರ ಮಲಯಾಳದ ನಡುವೆ ಸದ್ಯಕ್ಕೆ ಕನ್ನಡ ಆಡುವವನು ಬೆಳಗ್ಗೆ ರೈಲಿಳಿದು ಬಂದ ಈ ಮೈದುನ ಒಬ್ಬನೇ.

"ಇನ್ನಾದರೂ ಆ ಕೇಸು ಮುಗೀತಲ್ಲ ಅತ್ತಿಗೆ," ಎಂದ ನಿತ್ಯಾನಂದ, ದಾರದ ತುದಿ ಕತ್ತರಿಸುತ್ತ. "ಏಳು ವರ್ಷ ಮಾರಾಯ್ರೇ! ಕೋರ್ಟಿಗೆ ಅಲೆದರೆ ಹೋದ ಕಾಲು ಬರ್ತದಾ? ನಾನು ಎಷ್ಟು ಹೇಳಿದೆ. ಅಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ."

ಕುಸುಮಾವತಿ ಒಳಗೆ ಬಂದು ಗಂಡನ ಹೊದಿಕೆ ಸರಿಮಾಡಿದಳು. ತಾನೂ ಹೇಳಿದ್ದಳಲ್ಲ, ಅವನಿಗಿಂತ ಕೆಟ್ಟದಾಗಿ ಹೇಳಿದ್ದಳು. ನಿಮಗೆ ಹಣದ ಆಸೆ ಹತ್ತಿದೆ ಎಂದು ಕಳೆದ ವಾರವಷ್ಟೇ ಮುಖಕ್ಕೆ ಹೊಡೆದ ಹಾಗೆ ಅಂದಿದ್ದಳು. ಅವರು ನಕ್ಕು, ಇನ್ನೊಂದು ದೋಸೆ ಹಾಕು ಅಂದಿದ್ದರು.

*

ಅದು ಅರವತ್ತೇಳನೆಯ ಇಸವಿ, ತಿರುವನಂತಪುರದ ಚಾಲ ಪೇಟೆ, ಶನಿವಾರದ ಸಂಜೆ. ಮಗಳು ಪ್ರೇಮಳಿಗೆ ನೋಟುಪುಸ್ತಕ ತರಲೆಂದು ಸುಬ್ರಾಯರು ರಸ್ತೆಗೆ ಇಳಿದರು. ಕೊಡೆ ಕುಸುಮಾವತಿಯ ಕೈಯಲ್ಲೇ ಉಳಿಯಿತು. ನಾಲ್ಕು ಹನಿ ಬಿದ್ದದ್ದೇ ತಡ, "ಓಯ್, ಇಲ್ಲಿ ನೋಡಿ, ಕೊಡೆ!" ಎಂದು ಕೂಗಿದಳು. ಗಂಡನ ಹೆಸರು ಹಿಡಿದು ಕರೆಯುವ ಹೆಂಗಸಲ್ಲ ಅವಳು. ಕರೆಯುವ ಅಗತ್ಯವೂ ಇರಲಿಲ್ಲ. ಆ ಗದ್ದಲದಲ್ಲಿ ಕನ್ನಡದ ದನಿ ಇದ್ದದ್ದು ಅದೊಂದೇ. ಸುಬ್ರಾಯರು ನಡುರಸ್ತೆಯಲ್ಲಿ ನಿಂತು ತಿರುಗಿ, ಏನು ಎಂಬಂತೆ ಹುಬ್ಬು ಹಾರಿಸಿದರು. ನಿಂತಿದ್ದ ಬಸ್ಸನ್ನು ಹಿಂದೆ ಹಾಕಿ ತಪ್ಪು ಬದಿಯಿಂದ ನುಗ್ಗಿದ ಲಾರಿಯನ್ನು ಅವಳು ಕಂಡಳು. ಅವರು ಕಾಣಲಿಲ್ಲ.

ಅಂದಿನಿಂದ ಅವಳು ಗಂಡನನ್ನು ದೂರದಿಂದ ಕರೆಯಲೇ ಇಲ್ಲ. ಊಟಕ್ಕೆ ಕರೆಯುವುದಾದರೂ ಕೈಕೆಲಸ ಬಿಟ್ಟು, ಹತ್ತಿರ ಹೋಗಿ, ಭುಜ ಮುಟ್ಟಿ ಹೇಳುತ್ತಿದ್ದಳು. ಒಮ್ಮೆ ಅವರು, "ಅಲ್ಲ ಕುಸುಮಾ, ಅಡುಗೆಮನೆಯಿಂದಲೇ ಒಂದು ಕೂಗು ಹಾಕಬಾರದಾ? ನೀನು ಕರೆಯುವುದು ಕೇಳದೆ ಎಷ್ಟು ಕಾಲ ಆಯ್ತು!" ಎಂದು ಕೇಳಿದ್ದರು. ಅವಳು ಒಲೆಯ ಕಡೆ ಮುಖ ತಿರುಗಿಸಿದ್ದಳು. ಒಂದು ಸಲ ಕೂಗಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

*

"ಅಮ್ಮೇ, ವಕೀಲ್ ವನ್ನು," ಎಂದಳು ಪ್ರೇಮ, ವಕೀಲರು ಬಂದರೆಂದು. ಹದಿನಾರರ ಮಗಳಿಗೆ ಕನ್ನಡ ಅರ್ಥವಾಗುತ್ತದೆ. ನಾಲಗೆಗೆ ಬರುವುದು ಮಲಯಾಳವೇ.

ಜಯಕರ ಕಾಸರಗೋಡಿನ ಕಡೆಯವರೇ, ಎರ್ನಾಕುಳಂ ಹೈಕೋರ್ಟಿನಲ್ಲಿ ಸುಬ್ರಾಯರ ಅಪೀಲು ನಡೆಸುತ್ತಿದ್ದ ವಕೀಲರು. ಕೋರ್ಟಿಗೆ ಹೊರಟವರು ಸುದ್ದಿ ಕೇಳಿ ಚೀಲ ಸಮೇತ ಇತ್ತ ಬಂದಿದ್ದರು. ಅವರು ಹಾರ ಇಟ್ಟು ಕೈಮುಗಿಯುವಷ್ಟು ಹೊತ್ತೂ ನಿತ್ಯಾನಂದನಿಗೆ ತಾಳ್ಮೆಯಿರಲಿಲ್ಲ.

"ಆ ಅಪೀಲು ಇನ್ನು ಬಿಡಬಹುದಲ್ಲ ವಕೀಲರೇ?"

"ಬಿಡಬಹುದು. ನೋವಿಗೆ ಕೇಳಿದ ಪರಿಹಾರ ಅವರ ಜೊತೆಗೇ ಹೋಯ್ತು. ಆಸ್ಪತ್ರೆ ಖರ್ಚು, ಸಂಬಳದ ನಷ್ಟ, ಅಷ್ಟಕ್ಕೆ ಬೇಕಾದರೆ ಕುಸುಮಕ್ಕ ವಾರಸುದಾರರಾಗಿ ಮುಂದುವರಿಸಬಹುದು. ಸಿಗುವುದು ದೊಡ್ಡದೇನೂ ಇಲ್ಲ. ಆದರೆ ಬಿಟ್ಟರೆ ಆ ಸಾಲು ಹಾಗೆಯೇ ಉಳೀತದೆ."

"ಯಾವ ಸಾಲು?" ಎಂದಳು ಕುಸುಮಾವತಿ.

ಜಯಕರ ಅವಳ ಮುಖ ನೋಡಿದರು. "ಸುಬ್ರಾಯರು ನಿಮಗೆ ಹೇಳಲಿಲ್ವಾ?"

"ತಪ್ಪೆಲ್ಲ ಲಾರಿಯದ್ದೇ ಅಂತ ತೀರ್ಪಾಗಿದೆ, ಹಣ ಮಾತ್ರ ಕಮ್ಮಿ ಆಯ್ತು ಅಂದಿದ್ರು. ಇಂಗ್ಲಿಷಿನ ಕಾಗದ. ನನಗೆಲ್ಲಿ ಓದ್ಲಿಕ್ಕೆ ಬರ್ತದೆ?"

ವಕೀಲರು ಕೈಯ ಚೀಲ ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಹೆಂಡತಿ ಕರೆದಳೆಂದು ನಡುರಸ್ತೆಯಲ್ಲಿ ನಿಂತರು, ಹಾಗಾಗಿ ಅರ್ಧ ತಪ್ಪು ಅವರದೇ ಅಂತ ತಿರುವನಂತಪುರದ ತೀರ್ಪಿನಲ್ಲಿ ಬರೆದಿದ್ದಾರೆ ಅಕ್ಕ. ಪರಿಹಾರ ಅರ್ಧ ಕಡಿದದ್ದೂ ಅದಕ್ಕೇ. ಅಪೀಲು ಬೇಡ ಅಂತ ನಾನೇ ಅಂದಿದ್ದೆ. ಅವರು ಕೇಳಬೇಕಲ್ಲ! 'ಹಣ ಬಾರದಿದ್ದರೆ ಬೇಡ, ಆ ಒಂದು ಸಾಲು ಹೊಡೆಸಿ ಕೊಡಿ. ಅವಳು ಕರೆದಾಗ ನಾನು ತಿರುಗದೆ ಇರ್ಲಿಕ್ಕೆ ಆಗ್ತದಾ? ಅದು ತಪ್ಪು ಹೇಗೆ? ನಾನು ಹೇಳಿದರೆ ಅವಳು ನಂಬುವುದಿಲ್ಲ, ದೊಡ್ಡ ಕೋರ್ಟು ಹೇಳಿದರೆ ನಂಬ್ತಾಳೆ' ಅಂದ್ರು."

ನಿನ್ನೆಯಿಂದ ಬಾರದಿದ್ದ ಅಳು ಕುಸುಮಾವತಿಗೆ ಈಗ ಬಂತು. ಅಯ್ಯೋ, ಎಂಥ ಮನುಷ್ಯನಪ್ಪ ಇವರು! ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಅಷ್ಟು ಮೆಟ್ಟಿಲು ಹತ್ತಿದ್ದು ಇದಕ್ಕಾಗಿಯೇ? ಹಣದ ಆಸೆ ಅಂದದ್ದನ್ನೂ ದೋಸೆಯ ಜೊತೆ ನುಂಗಿಕೊಂಡರಲ್ಲ. ಒಂದೇ ಒಂದು ಬೆಳಗು ವಾಪಸು ಸಿಕ್ಕಿದ್ದರೆ, ಎದುರಿಗೆ ಕೂರಿಸಿಕೊಂಡು ಬೈದುಬಿಡುತ್ತಿದ್ದಳು. ಬೈದು, ಬೀದಿಗೆಲ್ಲ ಕೇಳುವ ಹಾಗೆ ಊಟಕ್ಕೆ ಕರೆಯುತ್ತಿದ್ದಳು.

"ಎಲ್ಲಿ ಸಹಿ ಹಾಕಬೇಕು?" ಎಂದಳು, ಕಣ್ಣೊರೆಸಿಕೊಂಡು.

"ಈಗಲಾ? ಹದಿಮೂರು ದಿನ ಕಳೀಲಿ ಅತ್ತಿಗೆ," ನಿತ್ಯಾನಂದ ಗಾಬರಿಯಾದ. "ಸೂತಕದಲ್ಲಿ ಯಾರಾದರೂ ಕೋರ್ಟಿನ ಕಾಗದ ಮುಟ್ತಾರಾ?"

"ಮೂರು ತಿಂಗಳು ಸಮಯ ಉಂಟು," ಎಂದರು ಜಯಕರ.

"ಅವರು ಮನೆಯಲ್ಲಿರುವಾಗಲೇ ಆಗ್ಬೇಕು," ಎಂದಳು ಕುಸುಮಾವತಿ.

ವಕೀಲರು ಚೀಲ ತೆರೆದು ವಕಾಲತ್ತಿನ ಕಾಗದ ತೆಗೆದರು. ಅವಳು ಗಂಡನ ತಲೆಯ ಬಳಿ ಕುಳಿತು, ಪೆನ್ನು ಗಟ್ಟಿಯಾಗಿ ಹಿಡಿದು, ಕನ್ನಡದಲ್ಲಿ ತನ್ನ ಹೆಸರು ಬರೆದಳು. ಪ್ರೇಮ ಪಕ್ಕದಲ್ಲಿ ಮೊಣಕಾಲೂರಿ ಕಾಗದದ ಅಂಚು ಹಿಡಿದಿದ್ದಳು.

ಸ್ಮಶಾನದ ವ್ಯಾನು ಓಣಿಯೊಳಗೆ ಬರಲಾರದೆ ದೊಡ್ಡ ರಸ್ತೆಯ ಆಚೆ ನಿಂತಿತ್ತು. ಗೇಟಿನವರೆಗೆ ಬಂದ ಹೆಂಗಸರು ಅಲ್ಲೇ ನಿಂತರು, ಅದರಿಂದಾಚೆ ಗಂಡಸರದ್ದು. ಚಟ್ಟ ಹೊತ್ತ ನಾಲ್ವರು ರಸ್ತೆಯ ಅಂಚಿಗೆ ಹೋಗಿ ತಡೆದು ನಿಂತರು. ಹತ್ತು ಗಂಟೆಯ ಹೊತ್ತು, ವಾಹನಗಳು ಬಿಡುವು ಕೊಡಲಿಲ್ಲ.

ಕುಸುಮಾವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಅತ್ತಿಗೆ, ಎಲ್ಲಿಗೆ?" ಎಂದು ನಿತ್ಯಾನಂದ ಕೇಳುವಷ್ಟರಲ್ಲಿ ಅವನನ್ನು ದಾಟಿ ನಡುರಸ್ತೆಗೆ ಹೋಗಿ ಕೈ ಎತ್ತಿ ನಿಂತಳು. ಆಲುವದ ಕಡೆಯಿಂದ ಬಂದ ಬಸ್ಸು ಕಿರ್ರೆಂದು ನಿಂತಿತು. ಅದರ ಹಿಂದೆ ಒಂದು ಲಾರಿ, ಅದರ ಹಿಂದೆ ಇನ್ನಷ್ಟು. ಯಾರೋ ಹಾರನ್ ಬಾರಿಸಿದರು. ಅವಳು ಅತ್ತ ನೋಡಲಿಲ್ಲ. ಚಟ್ಟದ ಕಡೆ ತಿರುಗಿ, ಇಡೀ ರಸ್ತೆಗೆ ಕೇಳುವ ಹಾಗೆ, "ಬನ್ನಿ!" ಎಂದು ಕೂಗಿದಳು.

ಅವರು ದಾಟಿ ಆಚೆ ತಲುಪಿದ ಮೇಲೂ ಅವಳ ಕೈ ಕೆಳಗಿಳಿದಿರಲಿಲ್ಲ.