ಮೂರೆಲೆ ಬೀಳುವ ಮೊದಲು

ಗಂಡ ಸುರೇಂದ್ರ ತೀರಿಕೊಂಡು ತಿಂಗಳು ಕಳೆದ ಮೇಲೆ ತನುಜಾ ಹಿಂದೂಪುರದಲ್ಲಿ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ, ಅವನ ಅಕ್ಕ ಬೀರಕ್ಕನ ಮನೆಗೆ ಬಂದಳು. ಬಾ ಎಂದು ಕರೆದಿದ್ದರು, ಬಂದಳು. ಕರೆಯದಿದ್ದರೆ ಸುಮ್ಮನಿರುತ್ತಿದ್ದಳು. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವಾಗಲೂ ಈಗೀಗ ಅಷ್ಟೇ, ಕೈ ತನ್ನ ಪಾಡಿಗೆ ನಡೆಯುತ್ತಿತ್ತು.

ಊಟವಾದ ಮೇಲೆ ಬೀರಕ್ಕನ ಗಂಡ ಭೀಮೇಶ್ ಚಾಪೆ ಹಾಸಿ ಇಸ್ಪೀಟು ತಂದ. ಗೋವಾದ ಕ್ಯಾಸಿನೊ ಒಂದರಲ್ಲಿ ಎಲೆ ಹಂಚುವ ಕೆಲಸ ಮಾಡಿ ಬಂದಿದ್ದ ಸುರೇಂದ್ರ ಇವರಿಗೆಲ್ಲ ಪೋಕರ್ ಕಲಿಸಿದ್ದ. ದುಡ್ಡಿನ ಮಾತಿಲ್ಲ, ಪಣಕ್ಕೆ ಕಡಲೇಕಾಯಿ. ಎಲ್ಲರಿಗೂ ಎರಡೆರಡು ಎಲೆ ಮುಚ್ಚಿ ಕೊಡುವುದು; ಆಮೇಲೆ ನಡುವೆ ಮೂರೆಲೆ ಬಿಚ್ಚುವುದು, ಅದೇ ಫ್ಲಾಪ್; ಕೊನೆಗೆ ಒಂದೊಂದಾಗಿ ಇನ್ನೆರಡು. ಕೈಯ ಎಲೆ, ನಡುವಿನ ಎಲೆ ಸೇರಿಸಿ ಯಾರದು ದೊಡ್ಡದೋ ಅವರಿಗೆ ಕಾಯಿ.

"ಅವನ ಜಾಗದಾಗೆ ನೀನೇ ಕುಂತ್ಕಳಮ್ಮ," ಎಂದ ಭೀಮೇಶ್.

ಕೂತಳು. ಒಳ್ಳೆಯ ಎಲೆ ಬರಲಿಲ್ಲ. ಆಡಲಿ ಬಿಡಲಿ, ಸರದಿ ಬಂದಾಗ ಇಡಲೇಬೇಕಾದ ಕಾಯಿ ಇಡುತ್ತ ಅವಳ ಗುಡ್ಡೆ ಕರಗಿತು. ಸುರೇಂದ್ರ ಸದಾ ಹೇಳುತ್ತಿದ್ದ: "ಗುಡ್ಡೆ ಸಣ್ಣದಾದಾಗ ಕಾಯ್ಕಂಡು ಕುಂತ್ಕಬ್ಯಾಡ. ಜೋಡಿನೋ ಎಕ್ಕನೋ ಬಂತಾ, ಫ್ಲಾಪ್‌ಗೆ ಮುಂಚೇನೇ ಪೂರ್ತಿ ನೂಕ್ಬುಡು. ಜನ ಹೆದರೋವಷ್ಟು ಕಾಯಿ ಇರೋವಾಗ್ಲೇ ನೂಕ್ಬೇಕು. ನಾಕು ಕಾಯಿ ಉಳಿದ್ಮೇಲೆ ಯಾವನು ಹೆದರ್ತಾನೆ?"

ಎಂಟರ ಜೋಡಿ ಬಂತು. ತನುಜಾ ಅಂಗೈಯಿಂದ ಗುಡ್ಡೆಯನ್ನೆಲ್ಲ ಮುಂದಕ್ಕೆ ನೂಕಿದಳು.

ಭೀಮೇಶ್ ಎಲೆ ಕೆಳಗಿಟ್ಟು ಆ ಆಟ ಬಿಟ್ಟ. ಬೀರಕ್ಕ ಒಂದು ಕಡಲೇಕಾಯಿ ಸುಲಿದು ಬಾಯಿಗೆ ಹಾಕಿಕೊಂಡಳು, ಯೋಚಿಸಿದಳು. "ನಾನು ಬತ್ತೀನಿ," ಎಂದು ಅಷ್ಟೇ ಕಾಯಿ ಇಟ್ಟು ಎಲೆ ಬಿಚ್ಚಿದಳು. ರಾಜ, ಗುಲಾಮ. ನಡುವೆ ಮೂರು, ರಾಜ, ಒಂಬತ್ತು ಬಿದ್ದವು; ಬೀರಕ್ಕನದು ರಾಜನ ಜೋಡಿಯಾಯಿತು. ಉಳಿದೆರಡರಲ್ಲೂ ಎಂಟು ಬರಲಿಲ್ಲ. ತನುಜಾ ಸೋತಿದ್ದಳು.

"ಪರವಾಲೇದಮ್ಮ. ನೀನು ನೂಕಿದ್ದು ಸರಿಗೇ ಐತೆ, ಎಲೆ ಬೀಳಲಿಲ್ಲ ಅಷ್ಟೆ," ಎಂದ ಭೀಮೇಶ್.

ತನುಜಾ ತನಗೆ ಬೇಜಾರಾಯಿತೇ ಎಂದು ನೋಡಿಕೊಂಡಳು. ಏನೂ ಆಗಿರಲಿಲ್ಲ.

"ಅವರು ಎದೆ ನೋವು ಅಂದಾಗ ಆಟೋ ತಂದು ಬಾಗಿಲಲ್ಲೇ ನಿಲ್ಲಿಸಿದ್ದೆ ಅಣ್ಣ," ಎಂದಳು, ಯಾರದೋ ಮನೆಯ ಸುದ್ದಿ ಹೇಳುವಂತೆ. "ಗ್ಯಾಸು ಕಣೆ, ಬೆಳಗಾಗ್ಲಿ ನೋಡಾನ ಅಂತ ಅವರೇ ವಾಪಸ್ ಕಳಿಸ್ಬುಟ್ರು. ಕಾಯ್ಬ್ಯಾಡ ಅಂತ ನಮಗೆಲ್ಲ ಹೇಳ್ತಿದ್ರು."

ಬೀರಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ತನುಜಾ ಅವಳ ಬೆನ್ನು ಸವರಿದಳು. ಆ ಅಳು ಇವಳತ್ತ ಹಾಯಲಿಲ್ಲ.

ಸ್ವಲ್ಪ ಹೊತ್ತಿಗೆ ಬೀರಕ್ಕ ಮೂಗೊರೆಸಿಕೊಂಡು ತನ್ನ ಗುಡ್ಡೆಯ ಅರ್ಧವನ್ನು ಅವಳ ಮುಂದೆ ಸುರಿದಳು. "ಇವತ್ತು ಹೋಗ್ಬ್ಯಾಡ ಕಣಮ್ಮ. ಉಳ್ಕೊ."

"ಹೂಂ," ಎಂದು ತನುಜಾ ಎಲೆ ಕಲೆಸತೊಡಗಿದಳು.