ಬೋಳು ಮರದ ಪೊಟರೆ

ಟಕ್ ಟಕ್ ಟಕ್ — ನಿಂತಿತು, ಬಾವಿ ಕಡೆಯ ಸಾಲಿನಲ್ಲೇ ಇರಬೇಕು, ಮೂರನೆಯ ತೆಂಗು, ಅಲ್ಲ ನಾಲ್ಕನೆಯದು, ಅಲ್ಲಿದೆ, ಹೊನ್ನಿನ ಬೆನ್ನು, ಮರಕುಟಿಗ, ಬೈನಾಕ್ಯುಲರ್ ಎತ್ತಿದರೆ ಬರೀ ಗರಿ, ಇದನ್ನು ಎಷ್ಟು ತಿರುಗಿಸಬೇಕೆಂದು ಪುಷ್ಪಲತಾಗೆ ಗೊತ್ತಿತ್ತು, ಕಾಯಿ ಸುಲಿದ ಈ ಕೈಗೆ ನಾಜೂಕಿನ ಕೆಲಸ ಯಾವತ್ತೂ ಹತ್ತಲಿಲ್ಲ. ಸೊಂಟ ನೋಡ್ರೀ, ಅನ್ನುತ್ತಿದ್ದಳು, ಸೊಂಟ ಕಪ್ಪಿದ್ರೆ ನಮ್ಮ ತೋಟದ್ದು, ಕೆಂಪಿದ್ರೆ ಕಾಡಿಂದು, ಹಣೆ ಮ್ಯಾಲೆ ಬಿಳಿ ಚುಕ್ಕಿ ಇದ್ರೆ ಹೆಣ್ಣು — ಸೊಂಟ ನೋಡೋ ವಯಸ್ಸೇನೇ ನಂದು, ಅಂದರೆ ಪುಸ್ತಕದಲ್ಲೇ ತಲೆಗೊಂದು ಮೊಟಕುತ್ತಿದ್ದಳು. ಆ ಪುಸ್ತಕ ಈಗ ನನ್ನ ತೊಡೆಯ ಮೇಲಿದೆ, ಹಕ್ಕಿ ಚಿತ್ರಗಳ ಪಕ್ಕದಲ್ಲೆಲ್ಲ ನನ್ನ ಹೆಂಡತಿಯ ನೀಲಿ ಶಾಯಿ, ತಾರೀಕು, ಜಾಗ, ಸಂಪಿಗೆ ದಾರಿ, ಹುಳಿಯಾರಿನ ಹೊಲ, ನಮ್ಮ ಬಾವಿಕಟ್ಟೆ. ಕಣ್ಣಾರೆ ಕಾಣದ್ದನ್ನು ಬರೆದವಳಲ್ಲ, ಯಾರು ಏನೇ ಹೇಳಲಿ, ಕೋಗಿಲೆ ಚಿತ್ರದ ಪಕ್ಕವನ್ನೂ ಎರಡು ವರ್ಷ ಖಾಲಿ ಬಿಟ್ಟಿದ್ದಳು, ಕೂಗು ಕೇಳಿದ್ರೆ ಸಾಲ್ದು, ಕಣ್ಣಿಗೆ ಬೀಳ್ಬೇಕು ಕಣ್ರೀ, ಅಂತ.

ಬೋಳು ಮರ — ಹೋದ ವರ್ಷದ ಯುಗಾದಿ ತನಕ ಇಲ್ಲೇ ಇತ್ತು, ಮನೆ ಬಾಗಿಲಿಗೆ ನೇರ, ಸುಳಿಗೆ ಹುಳ ಬಿದ್ದು ತಲೆ ಕಳಚಿ ಕಂಬದಂತೆ ನಿಂತಿತ್ತು, ನಡುವೆ ಮರಕುಟಿಗ ಕೊರೆದ ಪೊಟರೆ, ಒಂದು ಕೊಬ್ಬರಿ ಗಿಟುಕು ಹಿಡಿಸುವಷ್ಟು ದುಂಡಗೆ. ಕಾಯಿಲೆ ಬಿದ್ದ ಮೇಲೆ ಮಂಚವನ್ನು ಕಿಟಕಿಗೆ ಎಳೆಸಿಕೊಂಡು ಅದನ್ನೇ ನೋಡುತ್ತಿದ್ದಳು. ತುಮಕೂರಿನ ಆಸ್ಪತ್ರೆಗೆ ಹೊರಟ ದಿನ ಕಾರಿನ ಗಾಜು ಇಳಿಸಿ, ಒಳಗೆ ಎರಡು ಮರಿ ಅವೆ ಕಣ್ರೀ, ಹಾರೋದು ನೋಡಿ ನಂಗೆ ಹೇಳಿ, ಅಲ್ಲೀ ತಂಕ ಮರದ ತಂಟೆಗೆ ಯಾರ್ನೂ ಬುಡಬೇಡಿ. ಹೂಂ ಅಂದೆ. ಆ ಮಾತು ನಿಂತದ್ದು ಮೂರೇ ದಿನ. ಅಕ್ಕನನ್ನು ಅವಳ ಜೊತೆ ಬಿಟ್ಟು ಬಟ್ಟೆ ಒಯ್ಯಲು ಬಂದಿದ್ದೆ, ಪಕ್ಕದ ತೋಟದ ಮುದುಕಿ ಓಬಮ್ಮ ಜಗುಲಿಯಲ್ಲಿ ಕೂತು, ಬಸವರಾಜು, ತಲೆ ಇಲ್ದ ಮರ ಬಾಗ್ಲಿಗೆ ಎದುರಾಗಿ ನಿಂತ್ರೆ ಮಲಗಿದೋರು ಏಳಾಕಿಲ್ಲ ಕಣಪ್ಪ, ನಮ್ಮತ್ತೆ ಕಾಲದಿಂದ ಕಂಡಿದೀನಿ, ಕಡಿಸಾಕು — ಡಾಕ್ಟರು ನನ್ನ ಮುಖ ನೋಡದೆ ಮಾತಾಡಿದ ದಿನ ಅದು, ಮುಳುಗುವವನಿಗೆ ಹುಲ್ಲುಕಡ್ಡಿ, ಅವಳು ಏಳಲಿ ಅಂತ, ಅವಳು ಏಳಲಿ ಅಂತಲೇ, ಮರ ಕಡಿಯುವ ಹುಚ್ಚರಂಗಯ್ಯನನ್ನು ಕರೆಸಿದೆ. ಮರ ಬಿತ್ತು. ಪೊಟರೆ ಆಕಾಶಕ್ಕೆ ಮುಖ ಮಾಡಿತು. ಒಳಗೆ ಸದ್ದಿತ್ತು. ಹುಚ್ಚರಂಗಯ್ಯ ಬಗ್ಗಿ ನೋಡಿ, ಇನ್ನೂ ರೆಕ್ಕೆ ಬಲ್ತಿಲ್ಲ ಕಣಣ್ಣ, ಅಂದ, ನನಗೆ ಕೈ ಹಾಕಲು ಧೈರ್ಯ ಬರಲಿಲ್ಲ, ತಾಯಿ ಹಕ್ಕಿ ಇಲ್ಲದ ಮರದ ಎತ್ತರಕ್ಕೇ ಹಾರಿ ಬಂದು, ಕೂರಲು ಏನೂ ಸಿಗದೆ, ತಿರುಗಿ ಹೋಗಿ, ಮತ್ತೆ ಬಂದು. ಸಂಜೆಗೆ ಒಳಗಿನ ಸದ್ದು ನಿಂತಿತು.

ಮನೆಗೆ ಕರೆತಂದ ದಿನ ಮೊದಲು ಕಿಟಕಿಯನ್ನೇ ನೋಡಿದಳು. ಮರ ಎಲ್ರೀ. ಗಾಳಿಗೆ ಬಿತ್ತು ಕಣೇ. ಮರಿಗಳು? ಅದಕ್ಕೂ ಮುಂಚೇನೇ ಹಾರ್ಹೋದ್ವು, ಎರಡೂ, ನಾನೇ ನೋಡ್ದೆ — ಎಷ್ಟು ಸಲೀಸಾಗಿ ಬಂತು ನಾಲಿಗೆಗೆ. ನಕ್ಕಳು, ಪೆನ್ನು ಕೇಳಿದಳು, ಮಲಗಿದಲ್ಲೇ ಬರೆದಳು, ಪುಸ್ತಕ ಹಿಡಿದುಕೊಂಡವನು ನಾನೇ. ಒಂಬತ್ತನೆಯ ದಿನ ಹೋದಳು, ಮರ ಕಡಿಸಿದರೂ ಹೋದಳು. ಟಕ್ ಟಕ್ — ಈಗ ಸರಿಯಾಗಿ ಕಾಣುತ್ತಿದೆ, ಸೊಂಟ ಕಪ್ಪು, ಹಣೆಯಲ್ಲಿ ಬಿಳಿ ಚುಕ್ಕಿ, ಹೆಣ್ಣು, ಆ ತಾಯಿಯೋ ಬೇರೆಯದೋ, ಪುಟ ತೆರೆದರೆ ನೀಲಿ ಶಾಯಿ, ಕಾಣದ್ದನ್ನು ಬರೆಯದವಳು ಒಂದೇ ಒಂದು ಸಲ ಬರೆದದ್ದು, ಸೊಟ್ಟ ಅಕ್ಷರ, ಎರಡೂ ಮರಿ ಹಾರಿದವು, ಇವರು ನೋಡಿದ್ದಾರೆ — ಇವರು ನೋಡಿದ್ದಾರೆ, ಆಕಾಶಕ್ಕೆ ಮುಖ ಮಾಡಿದ ಪೊಟರೆ, ಇವರು ನೋಡಿದ್ದಾರೆ, ಪೊಟರೆ —