ಎಡಗೈಯ ಹೆಬ್ಬೆರಳು

ತೆಂಗಿನೆಣ್ಣೆಯ ಕಮಟು, ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದೆಂದು ಹಚ್ಚಿ ಹಚ್ಚಿ ಇಟ್ಟದ್ದು, ಪಡುಬಿದ್ರಿಯ ಕಡಲಗಾಳಿಗೆ ಎಷ್ಟು ಹಚ್ಚಿದರೂ ಸಾಲದು, ಗುಣವತಿಯಕ್ಕ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದು ನೇರ ನನ್ನ ಕೈಗೇ ಕೊಟ್ಟುಬಿಟ್ಟರು, ಅದಕ್ಕೆ ಸುತ್ತಿದ ಬಟ್ಟೆ ಬಿಚ್ಚುವ ಸದ್ದಿಗೇ ಅವರ ಗಂಡ ಮುದ್ದಣ್ಣ ಆರಾಮ ಕುರ್ಚಿಯಿಂದ ಕೈ ಚಾಚಿದ್ದಾರೆ, ಕೊಡು ಇಲ್ಲಿ, ನಾನೇ ಹಿಡಿದು ತೋರಿಸುತ್ತೇನೆ — ಕಣ್ಣೇ ಕಾಣದವರು ಎಂತ ತೋರಿಸುವುದು, ಎನ್ನುತ್ತಾರೆ ಅಕ್ಕ, ಸ್ಟ್ಯಾನಿ ಮಿಲಿಟರಿಯಲ್ಲಿ ಇದೇ ಕೆಲಸ ಮಾಡಿದವ ಅಲ್ವಾ, ಅವನೇ ನೋಡಲಿ, ಯಾವ ಕಾರ್ಖಾನೆ, ಯಾವ ಇಸವಿ ಎಂದು ಲೈಸೆನ್ಸಿಗೆ ಪೊಲೀಸ್ ಸ್ಟೇಷನ್ನಿನವರು ಕೇಳಿದ್ದಾರೆ — ಹೌದು, ಇದೇ ಕೆಲಸ, ನಿವೃತ್ತನಾಗುವವರೆಗೆ ಬಂದೂಕುಗಳ ಮೈಮೇಲಿನ ಗುರುತು ಓದಿದವನು, ಆದರೆ ಈ ಒಂದು ಪಿಸ್ತೂಲು ಎಪ್ಪತ್ತೆಂಟನೇ ಇಸವಿಯ ಈ ಮಧ್ಯಾಹ್ನದವರೆಗೆ ನನ್ನ ಕೈಗೆ ಬಂದದ್ದೇ ಇಲ್ಲ, ರಜೆಯಲ್ಲಿ ಬಂದಾಗ ನೋಡಿದ್ದೆಲ್ಲ ದೂರದಿಂದ, ಕಾರ್ಕಳದ ನಮ್ಮ ಮನೆಯಲ್ಲಿ, ಅಣ್ಣ ವಲೇರಿಯನ್ ತೀರಿಹೋದ ದಿನಕ್ಕೆ ವರ್ಷವರ್ಷವೂ ಹಾಕುವ ಊಟ, ಮೊದಲು ಬಡಿಸುವುದು ಮುದ್ದಣ್ಣನಿಗೆ, ಅಣ್ಣನ ಜೊತೆ ಬರ್ಮಾ ಯುದ್ಧಕ್ಕೆ ಹೋಗಿ ಒಬ್ಬರೇ ಮರಳಿ ಬಂದವರು, ಊಟವಾದ ಮೇಲೆ ಇದು ಹೊರಗೆ ಬರುತ್ತಿತ್ತು, ನಿಮ್ಮ ವಲೇರಿಯನನ್ನು ಹೊಡೆದ ಜಪಾನಿ ಆಫೀಸರ್ ಉಂಟಲ್ಲ, ಅಲ್ಲೇ ನದಿ ದಡದಲ್ಲಿ ಅವನ ಕುತ್ತಿಗೆ ಹಿಚುಕಿ ಕಿತ್ತುಕೊಂಡದ್ದು ಇದು, ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು, ಅತ್ತ ಮೇಲೆ ಸೇಡಾದರೂ ತೀರಿತಲ್ಲ ಎಂಬ ಸಮಾಧಾನ, ಆ ಸಮಾಧಾನದಲ್ಲೇ ಸತ್ತಳು, ಮುದ್ದಣ್ಣ ಮಾತ್ರ ಅದನ್ನು ಯಾರ ಕೈಗೂ ಕೊಡದೆ ಎಡಗೈಯಲ್ಲಿ ಹಿಡಿದು ತೋರಿಸುತ್ತಿದ್ದರು, ಉಳಿದ ಕೆಲಸವೆಲ್ಲ ಬಲಗೈಯಲ್ಲಿ ಮಾಡುವ ಮನುಷ್ಯ, ಹೆಬ್ಬೆರಳನ್ನು ಹಿಡಿಯ ಮೇಲ್ಗಡೆ ಒತ್ತಿಕೊಂಡು.

ಕನ್ನಡಕ ಒರೆಸಿ ಬೆಳಕಿಗೆ ಓರೆ ಮಾಡುತ್ತೇನೆ, ಬಲಬದಿ, ಹಿಡಿಯ ಮೇಲೆ, ಕಾರ್ಖಾನೆಯ ಉರುಟು ಗುರುತು, ಆಮೇಲೆ ಒಂದು ಜಪಾನೀ ಅಕ್ಷರ, 19, ಚುಕ್ಕೆ, 2 — ಗುಣವತಿಯಕ್ಕ ಬಾಗಿ ನೋಡುತ್ತಾರೆ, ಹತ್ತೊಂಬತ್ತಾ, ಹಾಗಾದರೆ ಸಾವಿರದ ಒಂಬೈನೂರ ಹತ್ತೊಂಬತ್ತು, ಅಷ್ಟು ಹಳತಾ — ಅಲ್ಲ ಅಕ್ಕ, ಬಾಯಿಗೆ ಬಂದದ್ದನ್ನು ನುಂಗುತ್ತೇನೆ, ಇದು ಅವರ ಚಕ್ರವರ್ತಿ ಪಟ್ಟಕ್ಕೆ ಬಂದಲ್ಲಿಂದ ಎಣಿಸುವ ವರ್ಷ, ಇಪ್ಪತ್ತೈದು ಕೂಡಿಸಬೇಕು, ನಲವತ್ತನಾಲ್ಕು, ಫೆಬ್ರವರಿ, ಇನ್ನೊಮ್ಮೆ ಕೂಡಿಸುತ್ತೇನೆ, ನಲವತ್ತನಾಲ್ಕೇ, ವಲೇರಿಯನ್ ಸತ್ತದ್ದು ನಲವತ್ತೆರಡರಲ್ಲಿ, ಬರ್ಮಾದಿಂದ ನದಿ ದಾಟಿ ಹಿಂದೆ ಸರಿಯುವಾಗ, ಅವನು ಸತ್ತು ಎರಡು ವರ್ಷಕ್ಕೆ ಹುಟ್ಟಿದ ಪಿಸ್ತೂಲು ಅವನನ್ನು ಕೊಂದದ್ದು ಹೇಗೆ, ಯುದ್ಧ ಮುಗಿದ ಮೇಲೆ ಯಾರಿಂದಲೋ ಕೊಂಡದ್ದಿರಬೇಕು, ಹಾಗಾದರೆ ಆಫೀಸರ್ ಇಲ್ಲ, ಹಿಚುಕಿದ ಕುತ್ತಿಗೆ ಇಲ್ಲ, ನದಿ ಮಾತ್ರ ಉಂಟಲ್ಲ, ಆ ದಡದಲ್ಲಿ ನಡೆದದ್ದೇನು, ಕಾರ್ಕಳದ ಆನೆಕೆರೆಯಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತು ಈಜುತ್ತಿದ್ದ ಅಣ್ಣ, ಮುದ್ದಣ್ಣನಿಗೆ ಈಜು ಬರುವುದಿಲ್ಲ, ಕಡಲಬದಿಯವರಾದರೂ ನೀರೆಂದರೆ ಹೆದರಿಕೆ ಎಂದು ಅಕ್ಕನೇ ನಗುವುದುಂಟು, ಈಜು ಬಾರದವರು ನದಿ ದಾಟಿ ಬಂದರು, ಈಜು ಬಲ್ಲವನು ಬರಲಿಲ್ಲ, ನನಗೆ ಸಿಟ್ಟು ಬರುತ್ತಿದೆ, ಇಲ್ಲ, ಅಮ್ಮನ ಸಮಾಧಾನಕ್ಕೆಂದು ಹೇಳಿದ ಕಥೆಯೇ ಇರಬಹುದು, ಈ ಅಂಕಿ ಏನೆಂದು ಪಾಪ ಅವರಿಗೆ ಗೊತ್ತೇ ಇರಲಿಕ್ಕಿಲ್ಲ — ಓದಿದೆಯಾ ಸ್ಟ್ಯಾನಿ, ಮುದ್ದಣ್ಣನ ಸ್ವರ ಒಣಗಿದೆ, ಓದಿದೆ, ಯಾವ ಇಸವಿ ಮಾರಾಯ, ಹೇಳಲೋ ಬೇಡವೋ, ನೀವೇ ಹೇಳಿ ಮುದ್ದಣ್ಣ, ಎನ್ನುತ್ತೇನೆ, ಚಾಚಿದ ಆ ಎಡಗೈಯಲ್ಲಿ ಪಿಸ್ತೂಲು ಇಡುತ್ತೇನೆ, ಪೊರೆ ಬಂದ ಕಣ್ಣು ಕಡಲಿನ ಕಡೆಗೆ, ಬೆರಳುಗಳು ಹಿಡಿಯನ್ನು ಸುತ್ತುತ್ತವೆ, ಹೆಬ್ಬೆರಳು ತಡಕುವುದಿಲ್ಲ, ಹುಡುಕುವುದಿಲ್ಲ, ಮೇಲೇರಿ ಸರಿಯಾಗಿ ಆ ಅಂಕಿಯ ಮೇಲೆ ಕೂರುತ್ತದೆ, ಕಾಫಿ ತಣ್ಣಗಾಯಿತು ಸ್ಟ್ಯಾನಿ, ಎನ್ನುತ್ತಾರೆ ಅಕ್ಕ, ಹೆಬ್ಬೆರಳು, ಉಗುರು ಬೆಳ್ಳಗಾಗುವಷ್ಟು ಒತ್ತಿಕೊಂಡ ಹೆಬ್ಬೆರಳು, ಅಮ್ಮನ ಎದುರೂ ಅಲ್ಲೇ ಇದ್ದ ಆ ಹೆಬ್ಬೆರಳು